ಸುಮಿತ್ರಮ್ಮನ ಸ್ಟೋರಿನಲ್ಲಿ ಇಟ್ಟ ಮೆಣಸು

ಸುಮಿತ್ರಮ್ಮನ ಸ್ಟೋರಿನಲ್ಲಿ ಮೆಣಸು ಇಟ್ಟವರಿಗೆ ಚೀಟಿ ಕೊಡುವ ಪದ್ಧತಿ ಇರಲಿಲ್ಲ. ಚೀಟಿ ಕೇಳಿದವರ ಮೆಣಸನ್ನು ಇಟ್ಟುಕೊಳ್ಳುವ ಪದ್ಧತಿಯೂ ಇರಲಿಲ್ಲ. ಅವಳ ಮಾವ ವೀರಯ್ಯ ಹಾಕಿಕೊಟ್ಟ ಕಟ್ಟಳೆ ಅದು. "ಚೀಟಿ ಕೇಳೋನಿಗೆ ನನ್ನ ಮೇಲೆ ನಂಬಿಕೆ ಇಲ್ಲ. ನಂಬಿಕೆ ಇಲ್ದೋನು ಮೂಟೆ ತಲೆ ಕೆಳಗೆ ಇಟ್ಕಂಡು ಮನೇಲೇ ಮಲೀಕಳ್ಳಿ" ಎನ್ನುತ್ತಿದ್ದ ಮುದುಕ.

ಹೆತ್ತೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಹೊರಗಿನವರಿಗೆ ಹೇಳಬೇಕು. ಒಣಗಿಸಿದ ಕರಿಮೆಣಸು ಅಲ್ಲಿ ಬ್ಯಾಂಕಿನ ಹಣ ಇದ್ದ ಹಾಗೆ. ತಂಡಿ ತಾಗದಿದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ. ಮದುವೆಗೋ ಮನೆ ಕಟ್ಟುವುದಕ್ಕೋ ಬೇಕಾದಾಗ ಮಾರಿದರಾಯಿತು. ಆದರೆ ಆ ಸೀಮೆಯ ಮಳೆಗೆ ಸಣ್ಣ ಮನೆಗಳೊಳಗೆ ಬೂಷ್ಟು ಹಿಡಿಯದೆ ಉಳಿಯುವುದು ಯಾವುದೂ ಇಲ್ಲ. ವೀರಯ್ಯನ ಸ್ಟೋರಿಗೆ ಮರದ ಹಲಗೆಯ ನೆಲ, ಅದರಡಿ ಇದ್ದಿಲಿನ ಒಲೆ. ಹಾಗಾಗಿ ಆರಿದ್ರಾ ಮಳೆ ಹಿಡಿಯುವ ಮೊದಲು ಸುತ್ತಲಿನವರು ತಮ್ಮ ಮೆಣಸನ್ನು ತಂದು ಅಲ್ಲಿಡುತ್ತಿದ್ದರು. ಮೂಟೆಯ ಬಾಯಿಗೆ ಅವರವರ ಮನೆಯ ಹಳೇ ಬಟ್ಟೆಯ ಚೂರು ಕಟ್ಟುವುದು. ಕಟ್ಟಿ "ಇಟ್ಟೆ ಕಣಕ್ಕ" ಅನ್ನುವುದು. ಸುಮಿತ್ರಮ್ಮ "ಐತೆ" ಅನ್ನುವುದು. ವ್ಯವಹಾರ ಮುಗಿಯಿತು. ವರ್ಷವೋ ಎರಡು ವರ್ಷವೋ ಬಿಟ್ಟು ಬಂದು "ಐತಾ?" ಎಂದರೂ ಅದೇ ಉತ್ತರ, "ಐತೆ".

ಇಟ್ಟುಕೊಂಡದ್ದಕ್ಕೆ ಅವಳು ಬಾಡಿಗೆ ಕೇಳುತ್ತಿರಲಿಲ್ಲ. ಮಾರುವಾಗ ಅವಳಿಗೇ ಮಾರುತ್ತಿದ್ದರು, ಅಷ್ಟೇ ಲಾಭ. ಹಾಗೆ ಕೊಂಡದ್ದಕ್ಕೆಲ್ಲ ಬಿಲ್ಲಿತ್ತು, ಪುಸ್ತಕವಿತ್ತು, ಸಕಲೇಶಪುರದ ಆಡಿಟರ್ ಸುನಿಲ್‌ಕುಮಾರ್ ವರ್ಷ ವರ್ಷ ತೆರಿಗೆ ಕಟ್ಟಿಸುತ್ತಿದ್ದ. ಇಟ್ಟ ಮೂಟೆಗಳನ್ನು ಮಾತ್ರ ಎಲ್ಲಿಯೂ ಬರೆಯುತ್ತಿರಲಿಲ್ಲ. "ಬೇರೆಯೋರ ಮಾಲನ್ನ ನನ್ನ ಪುಸ್ತಕದಲ್ಲಿ ಬರ್ಕಂಡ್ರೆ ಅದು ಕಳ್ಳತನ ಅಲ್ವೇನಪ್ಪ?" ಎಂದು ಅವಳೇ ಸುನಿಲ್‌ಕುಮಾರನನ್ನು ಕೇಳಿದ್ದಳಂತೆ. ಅವನು ನಕ್ಕು ಸುಮ್ಮನಾಗಿದ್ದ. ಆವತ್ತು ನಗುವ ಬದಲು ಬೈದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಆಲೂರು ಕಡೆಯಿಂದ ಸೊಸೆಯಾಗಿ ಬಂದವಳು ಸುಮಿತ್ರಮ್ಮ. ವನಗೂರಿನ ಇಳಿಜಾರಿನಲ್ಲಿ ಗಂಡನ ಜೀಪು ಉರುಳಿದಾಗ ಅವಳಿಗೆ ಮೂವತ್ತೂ ತುಂಬಿರಲಿಲ್ಲ. ಮಂಗಳೂರಿನ ಆಸ್ಪತ್ರೆಯಲ್ಲಿ ಅವನು ತಿಂಗಳು ಮಲಗಿದ. ಕೊರಳ ಸರ ಹೋಯಿತು, ಕಾಫಿ ತೋಟದ ಒಂದು ತುಂಡೂ ಹೋಯಿತು. ಸ್ಟೋರಿನ ತುಂಬ ಊರಿನವರ ಮೆಣಸಿತ್ತು, ಒಂದು ಮೂಟೆಯ ಕಟ್ಟನ್ನೂ ಅವಳು ಬಿಚ್ಚಲಿಲ್ಲ. ಗಂಡ ಉಳಿಯಲಿಲ್ಲ, ಹೆಸರು ಉಳಿಯಿತು. "ಸುಮಿತ್ರಕ್ಕನ ಹತ್ರ ಇಟ್ರೆ ದೇವ್ರ ಗುಡೀಲಿ ಇಟ್ಟಂಗೆ" ಎಂದು ಊರು ಹೊಗಳುತ್ತಿತ್ತು. ಹೊಗಳುವುದಕ್ಕೆ ಏನು, ಬಾಯಿಗೆ ಸುಂಕವೇ!

ತೆರಿಗೆ ಇಲಾಖೆಯವರು ಬಂದದ್ದು ಒಂದು ಬೆಳಿಗ್ಗೆ, ಎರಡು ಕಾರಿನಲ್ಲಿ. ಸಾಹೇಬಿಣಿಯ ಹೆಸರು ಶ್ವೇತಾ, ಅವಳಿಗೆ ವಯಸ್ಸು ಬಹಳವಿರಲಿಲ್ಲ. ಕೂಗಾಟ ಕಿರುಚಾಟ ಏನೂ ಇಲ್ಲ. ಚಪ್ಪಲಿ ಹೊರಗೆ ಬಿಟ್ಟು ಹಲಗೆಯ ಮೇಲೆ ಕಾಲಿಟ್ಟಳು, ಕೊಟ್ಟ ನೀರು ಕುಡಿದಳು, ಪುಸ್ತಕ ತೆಗೆಸಿದಳು. ಮಧ್ಯಾಹ್ನದ ಹೊತ್ತಿಗೆ ಪುಸ್ತಕದಲ್ಲಿ ಇರುವುದಕ್ಕಿಂತ ನಾಲ್ಕು ಪಟ್ಟು ಮೆಣಸು ಸ್ಟೋರಿನಲ್ಲಿದೆ ಎನ್ನುವುದು ಸಾಬೀತಾಯಿತು.

"ಇದೆಲ್ಲ ಯಾರದ್ದಮ್ಮ?"

ಸುಮಿತ್ರಮ್ಮ ಖುಷಿಯಿಂದಲೇ ಹೇಳಿದಳು. ನೀಲಿ ಅಂಚು ಕಟ್ಟಿದ್ದೆಲ್ಲ ಮೇಲಿನಮನೆ ಮಂಜುನಾಥನದು. ಹಳದಿ ಹೂವಿನ ಚೂರು ತಿರುವಿನ ಅಂಗಡಿಯವರದು. ಮೂಲೆಯಲ್ಲಿರುವ ಆ ಒಂಟಿ ಮೂಟೆ, ಕೆಂಪು ಟವಲಿನ ತುಂಡು ಕಟ್ಟಿದ್ದು, ಭೂತಮ್ಮನದು. ತೂಕದ ಲಕ್ಕಪ್ಪ ಒಂದೊಂದನ್ನೇ ಮುಟ್ಟಿ ತೋರಿಸುತ್ತಾ ಹೋದ. ಅವನು ವೀರಯ್ಯನ ಕಾಲದಿಂದ ಆ ಸ್ಟೋರಿನಲ್ಲೇ ಮೂಟೆ ಹೊತ್ತವನು.

ಶ್ವೇತಾ ಎಲ್ಲವನ್ನೂ ಕೇಳಿಸಿಕೊಂಡಳು. "ನೀವು ಸುಳ್ಳು ಹೇಳ್ತಿದ್ದೀರಿ ಅಂತ ನಂಗೆ ಅನ್ನಿಸ್ತಿಲ್ಲ" ಎಂದಳು. "ಆದ್ರೆ ಬಟ್ಟೆ ಚೂರು ನೋಡಿ ನಾನು ಆರ್ಡರ್ ಬರೆಯೋಕಾಗಲ್ಲ. ಇಟ್ಟವರು ಹಾಸನಕ್ಕೆ ಬಂದು ಇದು ನಮ್ಮದು ಅಂತ ಹೇಳಿಕೆ ಕೊಡಲಿ. ಕೊಟ್ಟರೆ ಬಿಟ್ಟುಬಿಡ್ತೀನಿ. ಇಲ್ಲಾಂದ್ರೆ ಇದಷ್ಟೂ ನಿಮ್ಮದು, ಲೆಕ್ಕಕ್ಕೆ ತೋರಿಸದೆ ಕೊಂಡಿದ್ದು ಅಂತಾಗುತ್ತೆ."

ಹಾಗಾದರೆ ಏನಾಗುತ್ತದೆ ಎಂದು ಸುನಿಲ್‌ಕುಮಾರ್ ಆಮೇಲೆ ಬಿಡಿಸಿ ಹೇಳಿದ. ಮಾಲಿನ ಬೆಲೆಯ ಮುಕ್ಕಾಲು ಪಾಲು ತೆರಿಗೆಗೇ ಹೋಗುತ್ತದೆ, ಇಟ್ಟವರ ಮಾಲು ಮುಟ್ಟದೆ ಅದನ್ನು ಕಟ್ಟಬೇಕೆಂದರೆ ಸ್ಟೋರು ಮಾರದೆ ಬೇರೆ ದಾರಿ ಇರುವುದಿಲ್ಲ. "ಹೆದರ್ಕೋಬೇಡಿ. ಬೆಳೆಗಾರರಿಗೆ ಇದರ ಮೇಲೆ ಒಂದು ಪೈಸೆ ಇನ್ಕಮ್ ಟ್ಯಾಕ್ಸ್ ಇಲ್ಲ. ಅವರು ಬಂದು ಒಂದು ಮಾತು ಹೇಳಿದ್ರೆ ಮುಗೀತು."

"ಅಷ್ಟೇನಾ?" ಎಂದಳು ಸುಮಿತ್ರಮ್ಮ. ಅವಳಿಗೆ ನಿಜಕ್ಕೂ ನಗು ಬಂದಿತ್ತು. ಇಷ್ಟು ವರ್ಷ ತಾನು ಹೇಳಿದ ಒಂದು ಮಾತನ್ನು ಅವರು ಒಂದು ಸಲ ಹೇಳಬೇಕು. ಅದೇನು ಮಹಾ!

ಅವಳೇ ಮನೆಮನೆಗೆ ಹೋದಳು. ಎಲ್ಲ ಕಡೆ ಕಾಫಿ ಕೊಟ್ಟರು. ಮಂಜುನಾಥ ಪಂಚಾಯಿತಿ ಮೆಂಬರು, ಎಲ್ಲರಿಗಿಂತ ಹೆಚ್ಚು ಮೂಟೆ ಇಟ್ಟವನು. ಮನೆ ಅಂಗಳದವರೆಗೆ ಬಂದು ಕೈ ಮುಗಿದ. "ಅಯ್ಯೋ ಸುಮಿತ್ರಕ್ಕ, ಇದನ್ನ ನೀವು ಬಂದು ಹೇಳ್ಬೇಕಾ? ನಮ್ಮದನ್ನ ನಮ್ಮದು ಅನ್ನಾಕೆ ಏನಂತೆ?"

ಭೂತಮ್ಮನ ಗುಡಿಸಲು ಇದ್ದದ್ದು ಹಳ್ಳದ ಆಚೆ. ಎಸ್ಟೇಟಿನ ಕೂಲಿ ಲೈನಿನಲ್ಲಿ ಬದುಕು ಸವೆಸಿ, ಮುದುಕಿಯಾದ ಮೇಲೆ ಸರ್ಕಾರಿ ಜಾಗದಲ್ಲಿ ನಾಲ್ಕು ಬಿದಿರು ಗಳ ಕಟ್ಟಿಕೊಂಡು ಕೂತವಳು. ಸುತ್ತ ಇದ್ದ ಹಾಲುವಾಣ ಮರಗಳಿಗೆ ಅವಳ ಗಂಡ ಮೆಣಸಿನ ಬಳ್ಳಿ ಹಬ್ಬಿಸಿ ಸತ್ತಿದ್ದ. ಮಕ್ಕಳಿಲ್ಲ. ವರ್ಷಕ್ಕೆ ಇಷ್ಟಿಷ್ಟೇ ಸೇರಿಸಿ ಆ ಒಂದು ಮೂಟೆ ತುಂಬಿಸಿದ್ದಳು. "ನನ್ನ ಮಣ್ಣಿನ ಖರ್ಚಿಗೆ ಕಣವ್ವ ಅದು" ಎಂದು ಇಡುವಾಗಲೇ ಹೇಳಿದ್ದಳು. "ಸತ್ ಮೇಲೆ ಊರೋರು ಚಂದಾ ಎತ್ತಿ ನನ್ನ ಹೂಳಬಾರ್ದು."

"ಹಾಸನಕ್ಕೆ ಬರ್ಬೇಕು ಭೂತಮ್ಮ."

"ಬತ್ತೀನಿ ಬುಡವ್ವ. ನೀ ಕರೆದ್ರೆ ಎಲ್ಲಿಗ್ ಬರಲ್ಲ ನಾನು?"

ಹೀಗೆ ಎಲ್ಲರೂ ಹೂಂ ಅಂದರು. ಆಮೇಲಿನ ವಾರ ಊರಿನಲ್ಲಿ ಏನೇನು ಮಾತು ಓಡಾಡಿತು ಎನ್ನುವುದು ಸುಮಿತ್ರಮ್ಮನ ಕಿವಿಗೆ ಬೀಳಲಿಲ್ಲ. ಬೀಳಬೇಕಾದವರ ಕಿವಿಗೆ ಅಂಥ ಮಾತು ಯಾವತ್ತೂ ಕೊನೆಗೇ ಬೀಳುವುದು.

ಕರೆದ ದಿನ ಅವಳೇ ಎರಡು ಜೀಪು ಮಾಡಿದಳು. ಬಾಡಿಗೆ ಅವಳದು. ಆಲೂರು ಕ್ರಾಸಿನಲ್ಲಿ ನಿಲ್ಲಿಸಿ ಎಲ್ಲರಿಗೂ ಇಡ್ಲಿ ಕೊಡಿಸಿದಳು. ಭೂತಮ್ಮನಿಗೆ ಹಲ್ಲಿಲ್ಲವೆಂದು ಸಾಂಬಾರಿನಲ್ಲಿ ಕಿವುಚಿ ಕೊಟ್ಟಳು. ಯಾರೂ ಹೆಚ್ಚು ಮಾತಾಡಲಿಲ್ಲ. ದೂರದ ಪ್ರಯಾಣ, ಸುಸ್ತಾಗಿರಬೇಕು ಎಂದುಕೊಂಡಳು. ಮಂಜುನಾಥ ತನ್ನ ಕಾರಿನಲ್ಲಿ ಮೊದಲೇ ಹೋಗಿ ಆಫೀಸಿನ ಗೇಟಿನ ಹತ್ತಿರ ನಿಂತಿದ್ದ. ಜೀಪಿನಿಂದ ಇಳಿದವರೆಲ್ಲ ಅವನ ಸುತ್ತ ಸೇರಿದರು. ಅವನು ತಗ್ಗಿದ ದನಿಯಲ್ಲಿ ಏನೋ ಹೇಳಿದ.

ಒಳಗೆ ಮೊದಲು ಕರೆದದ್ದೂ ಅವನನ್ನೇ. ಸುಮಿತ್ರಮ್ಮನೂ ಸುನಿಲ್‌ಕುಮಾರನೂ ಗೋಡೆಯ ಬದಿಯ ಕುರ್ಚಿಯಲ್ಲಿ ಕೂತಿದ್ದರು.

"ಸುಮಿತ್ರಮ್ಮನವರ ಸ್ಟೋರಿನಲ್ಲಿ ನಿಮ್ಮ ಮೆಣಸು ಇದೆಯಾ?" ಶ್ವೇತಾ ಕೇಳಿದಳು.

"ಇಲ್ಲ ಮೇಡಂ" ಎಂದ ಮಂಜುನಾಥ.

ಸುಮಿತ್ರಮ್ಮ ತನಗೇ ಸರಿಯಾಗಿ ಕೇಳಿಸಲಿಲ್ಲ ಎಂದುಕೊಂಡಳು.

"ನೀಲಿ ಅಂಚು ಕಟ್ಟಿದ ಮೂಟೆಗಳು ನಿಮ್ಮದು ಅಂತಾರೆ."

"ನೀಲಿ ಅಂಚಿನ ಪಂಚೆ ಊರಲ್ಲಿ ಎಲ್ಲರ ಮನೇಲೂ ಇರುತ್ತೆ ಮೇಡಂ. ಯಾರದೋ ಏನೋ. ನಾನು ಯಾವತ್ತಿನದು ಅವತ್ತೇ ಮಾರೋನು."

"ಮಂಜಣ್ಣ!" ಎಂದು ಸುಮಿತ್ರಮ್ಮ ಎದ್ದು ನಿಂತಳು. ಸುನಿಲ್‌ಕುಮಾರ್ ಅವಳ ಸೆರಗು ಹಿಡಿದು ಕೂರಿಸಿದ. ಮಂಜುನಾಥ ಅವಳ ಕಡೆ ತಿರುಗಲಿಲ್ಲ. ಬರೆದುಕೊಂಡದ್ದನ್ನು ಓದಿ ಸಹಿ ಮಾಡಿದ. ಅಣ್ಣತಮ್ಮಂದಿರ ಜೊತೆ ಅವನ ಪಾಲಿನ ದಾವೆ ಕೋರ್ಟಿನಲ್ಲಿತ್ತು, ಆ ಮೆಣಸು ಪಾಲಾಗದ ತೋಟದ್ದು. ತನ್ನದು ಎಂದು ಬರೆದುಕೊಟ್ಟರೆ ಅಣ್ಣತಮ್ಮಂದಿರು ಆ ಕಾಗದ ಹಿಡಿದುಕೊಂಡೇ ಬರುತ್ತಿದ್ದರು. ಅವನ ಕಷ್ಟ ಅವನಿಗೆ, ಇರಲಿ. ಆದರೆ ತಾನೊಬ್ಬನೇ ಇಲ್ಲವೆಂದರೆ ತಾನೊಬ್ಬನೇ ಕಳ್ಳನಾಗುತ್ತೇನೆ ಎಂದು ಲೆಕ್ಕ ಹಾಕಿ, ವಾರವಿಡೀ ಮನೆಮನೆ ತಿರುಗಿ ಅವನು ಮಾಡಿದ ಕೆಲಸ ಇದೆಯಲ್ಲ, ಅದಕ್ಕೆ ಏನನ್ನಬೇಕು? ಇನ್ಕಮ್ ಟ್ಯಾಕ್ಸಿನವರ ಪುಸ್ತಕದಲ್ಲಿ ಹೆಸರು ಬಿದ್ದರೆ ರೇಷನ್ ಕಾರ್ಡು ಹೋಯಿತು ಎಂದಿದ್ದ. ಪಿಂಚಣಿ ನಿಲ್ಲುತ್ತದೆ, ಸರ್ಕಾರಿ ಜಾಗದಲ್ಲಿ ಬೆಳೆದವರನ್ನು ಎಬ್ಬಿಸುತ್ತಾರೆ ಎಂದಿದ್ದ. ಬಡವರಿಗೆ ಹೆದರಿಕೆ ಹುಟ್ಟಿಸಲು ಎಷ್ಟು ಹೊತ್ತು ಬೇಕು.

ಒಬ್ಬೊಬ್ಬರೇ ಒಳಗೆ ಬಂದರು. ನಮ್ಮದಲ್ಲ ಎಂದರು. ಅವಳ ಬಾಡಿಗೆಯ ಜೀಪಿನಲ್ಲಿ ಬಂದು, ಅವಳು ಕೊಡಿಸಿದ ಇಡ್ಲಿ ತಿಂದು, ಅವಳ ಎದುರೇ ನಿಂತು. ತಿರುವಿನ ಅಂಗಡಿಯವನು ಮೆಣಸು ಬೆಳೆಯುವುದೇ ಇಲ್ಲ ಎಂದುಬಿಟ್ಟ. ಸುಮಿತ್ರಮ್ಮ ಮತ್ತೆ ಏಳಲಿಲ್ಲ. ಪ್ರತಿಯೊಬ್ಬರ ಮುಖ ನೋಡಿದಳು, ಅವರು ನೆಲ ನೋಡಿದರು.

ಕೊನೆಗೆ ಭೂತಮ್ಮ ಬಂದಳು. ಶ್ವೇತಾ ಎದ್ದು ಕುರ್ಚಿ ಎಳೆದು ಕೊಟ್ಟಳು, ಮುದುಕಿ ಕೂರಲಿಲ್ಲ.

"ಅಜ್ಜಿ, ಕೆಂಪು ಟವಲಿನ ತುಂಡು ಕಟ್ಟಿದ ಮೂಟೆ ನಿಮ್ಮದಾ?"

ಭೂತಮ್ಮ ಸುಮಿತ್ರಮ್ಮನನ್ನು ನೋಡಿದಳು. ಹೊರಗೆ ನಿಂತಿದ್ದ ಮಂಜುನಾಥನ ಕಡೆ ಒಮ್ಮೆ ನೋಡಿದಳು.

"ನಂದಲ್ಲ ಕಣವ್ವ" ಎಂದಳು. ಬಲಗೈ ಹೆಬ್ಬೆಟ್ಟು ಒತ್ತುವಾಗ ಗುರುತು ಕಲಸಿತು. ಎರಡನೇ ಸಲ ಗುಮಾಸ್ತ ಅವಳ ಬೆರಳು ಹಿಡಿದು ಒತ್ತಿಸಿದ.

ಶ್ವೇತಾ ಪೆನ್ನು ಕೆಳಗಿಟ್ಟಳು. "ಅಮ್ಮ, ಇನ್ನು ನನ್ನ ಕೈಲಿ ಏನೂ ಇಲ್ಲ" ಎಂದಳು. ಪಾಪ, ಅವಳಾದರೂ ಏನು ಮಾಡಿಯಾಳು? ಕಣ್ಣಿಗೆ ಕಂಡದ್ದನ್ನಲ್ಲ, ಕಾಗದಕ್ಕೆ ಬಂದದ್ದನ್ನು ನಂಬುವುದು ಅವಳ ಕೆಲಸ.

ವಾಪಸು ಬರುವಾಗ ಎರಡನೇ ಜೀಪು ಖಾಲಿ. ಎಲ್ಲರೂ ಬಸ್ಸು ಹಿಡಿದಿದ್ದರು. ಜೊತೆಗೆ ಬಂದಿದ್ದ ಲಕ್ಕಪ್ಪ ದಾರಿಯುದ್ದಕ್ಕೂ ಒಂದೇ ಮಾತು ಗೊಣಗಿದ. "ಕೊಟ್ಟೋನು ಕೋಡಂಗಿ, ಇಸ್ಕಂಡೋನು ಈರಭದ್ರ. ನೀವು ಕೊಡಾದೂ ಇಲ್ಲ ಇಸ್ಕಳಾದೂ ಇಲ್ಲ, ಸುಮ್ನೆ ಇಟ್ಕಂಡಿದ್ದಕ್ಕೆ ಕೋಡಂಗಿ ಆಗ್ಬುಟ್ರಲ್ಲ ಅಮ್ಮಾವ್ರೆ!" ಸುಮಿತ್ರಮ್ಮ ಬಾಳುಪೇಟೆ ದಾಟಿದ ಮೇಲೆ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಗಂಡ ಸತ್ತಾಗಲೂ ಹಾಗೆ ಅತ್ತಿರಲಿಲ್ಲ ಎಂದು ಲಕ್ಕಪ್ಪ ಈಗಲೂ ಹೇಳುತ್ತಾನೆ.

ಆರ್ಡರು ಬಂತು. ಸುನಿಲ್‌ಕುಮಾರ್ ಅದನ್ನು ತೆಗೆದುಕೊಂಡು ತಾನೇ ಹೆತ್ತೂರಿಗೆ ಬಂದ. ಹಲಗೆಯ ಮೇಲೆ ಕೂತು ಸುತ್ತಲಿನ ಮೂಟೆಗಳನ್ನು ನೋಡಿ ಹೇಳಿದ, "ನೋಡಿ ಅಮ್ಮ, ಒಂದು ದಾರಿ ಇದೆ. ಇದೆಲ್ಲ ನಿಮ್ಮದೇ ಅಂತ ಸರ್ಕಾರವೇ ಬರೆದುಕೊಟ್ಟಿದೆ. ಇಟ್ಟವರೂ ನಮ್ಮದಲ್ಲ ಅಂತ ಸಹಿ ಹಾಕಿ ಕೊಟ್ಟಿದ್ದಾರೆ. ಮಾರಿಬಿಡಿ. ಬಂದ ದುಡ್ಡಲ್ಲಿ ತೆರಿಗೆ ಕಟ್ಟಿ. ಸ್ಟೋರು ಉಳಿಯುತ್ತೆ, ಕೈಯಲ್ಲಿ ಒಂದಿಷ್ಟು ಮಿಗುತ್ತೆ. ಯಾವ ಕೋರ್ಟಿಗೆ ಹೋದರೂ ಅವರು ನಿಮ್ಮನ್ನ ಏನೂ ಮಾಡೋಕಾಗಲ್ಲ."

ಲಕ್ಕಪ್ಪ ತಕ್ಕಡಿಯ ಹತ್ತಿರ ನಿಂತವನು "ಹಂಗೇ ಮಾಡಿ ಅಮ್ಮಾವ್ರೆ, ಬುದ್ಧಿ ಬರ್ಲಿ ಬೋಳೀಮಕ್ಕಳಿಗೆ" ಎಂದ.

ಆಸೆ ಆಗಲಿಲ್ಲವೆಂದರೆ ಸುಳ್ಳು. ಸುಮಿತ್ರಮ್ಮ ಆ ಸಂಜೆ ಸ್ಟೋರಿನಲ್ಲಿ ಒಬ್ಬಳೇ ಓಡಾಡಿದಳು. ಮಂಜುನಾಥನ ಮೂಟೆಯ ಕಟ್ಟನ್ನು ಬಿಚ್ಚಿ ಒಂದು ಹಿಡಿ ತೆಗೆದು ಅಂಗೈಯಲ್ಲಿ ಉರುಳಿಸಿದಳು. ಒಳ್ಳೆಯ ಮೆಣಸು, ಒಂದು ಕಾಳೂ ಪೊಳ್ಳಿಲ್ಲ. ಮಾರಿದರೆ ಇವನ ಹೊಟ್ಟೆಗೆ ಬೆಂಕಿ ಬೀಳುತ್ತದೆ ಎಂದುಕೊಂಡಾಗ ಒಂದು ಕ್ಷಣ ಎದೆ ತಣ್ಣಗಾಯಿತು. ಆಮೇಲೆ ಬೇರೆ ಒಂದು ಯೋಚನೆ ಬಂತು, ಅದು ಬಂದ ಮೇಲೆ ಮಾರುವುದು ಆಗದ ಕೆಲಸವಾಯಿತು. ಆ ಹಿಡಿಯನ್ನು ಮೂಟೆಗೇ ಸುರಿದು ಬಾಯಿ ಕಟ್ಟಿದಳು.

ಮರುದಿನ ಸುನಿಲ್‌ಕುಮಾರನಿಗೆ ಫೋನು ಮಾಡಿ ಹೇಳಿದಳು. "ನಾನು ಇದನ್ನ ಮಾರಿದ್ರೆ ಅವ್ರು ಬರ್ಕೊಟ್ಟಿದ್ದು ನಿಜ ಆಗೋಗುತ್ತೆ ಕಣಪ್ಪ. ನಾನು ಹೇಳಿದ್ದು ಸುಳ್ಳಾಗೋಗುತ್ತೆ."

"ನಿಮಗೇನು ಹುಚ್ಚಾ?" ಎಂದ ಅವನು.

"ಇರ್ಬೋದು. ಸ್ಟೋರಿಗೆ ಗಿರಾಕಿ ಇದ್ರೆ ನೋಡು."

ಭಾನುವಾರ ಬಂದು ತಮ್ಮ ತಮ್ಮದನ್ನು ತೆಗೆದುಕೊಂಡು ಹೋಗಲಿ ಎಂದು ಲಕ್ಕಪ್ಪನ ಕೈಲಿ ಹೇಳಿಕಳಿಸಿದಳು. ಬರುವುದಕ್ಕೆ ನಾಚಿಕೆಯಾದೀತು ಎಂದು ಲಕ್ಕಪ್ಪ ಅಂದುಕೊಂಡಿದ್ದ. ನಾಚಿಕೆಯೇ! ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಪಿಕಪ್ ಗಾಡಿಗಳು ಸಾಲಾಗಿ ನಿಂತಿದ್ದವು. ಯಾರಿಗೂ ಹುಡುಕುವ ಕಷ್ಟವಾಗಲಿಲ್ಲ. ನೀಲಿ ಅಂಚಿನ ಹತ್ತಿರ ಮಂಜುನಾಥನ ಆಳುಗಳು ನೆಟ್ಟಗೆ ಹೋದರು. ಮೆಣಸು ಬೆಳೆಯುವುದೇ ಇಲ್ಲ ಎಂದವನು ಹಳದಿ ಹೂವಿನ ಮೂಟೆಗಳನ್ನು ಬಾಚಿ ತಬ್ಬಿಕೊಂಡು ಹೋದ. ಹಾಸನದಲ್ಲಿ ಗುರುತು ಸಿಗದ ಬಟ್ಟೆಯ ಚೂರುಗಳು ಹೆತ್ತೂರಿನಲ್ಲಿ ಎಲ್ಲರಿಗೂ ಚೆನ್ನಾಗಿ ಗುರುತು ಸಿಕ್ಕವು.

ಹೊರಡುವಾಗ ಮಂಜುನಾಥ ತಡೆದು ನಿಂತ. "ತಪ್ ತಿಳ್ಕಬೇಡಿ ಸುಮಿತ್ರಕ್ಕ. ಒಂದ್ ಸಲ ತೂಕ ಹಾಕ್ಬುಡನಾ ಅಂತ. ಒಂದು ಮೂಟೆ ಕಟ್ಟು ಬಿಚ್ಚಿದಂಗೈತೆ."

ಲಕ್ಕಪ್ಪ ಹೊರಗೆ ಹೋಗಿ ಥೂ ಎಂದು ಉಗುಳಿದ. ಸುಮಿತ್ರಮ್ಮ ತಾನೇ ತಕ್ಕಡಿಯ ಹತ್ತಿರ ಹೋಗಿ ತೂಗಿ ತೋರಿಸಿದಳು. ತೂಕ ಸರಿಯಾಗಿತ್ತು.

ಭೂತಮ್ಮ ಮಾತ್ರ ಬರಲಿಲ್ಲ. ಎಲ್ಲ ಖಾಲಿಯಾಗಿ ಕಸ ಗುಡಿಸುವ ಹೊತ್ತಿಗೆ ನೋಡಿದರೆ ಹೊಸಿಲಾಚೆ ನಿಂತಿದ್ದಾಳೆ. ಎಷ್ಟು ಹೊತ್ತಿನಿಂದಲೋ.

"ಐತೆ ಭೂತಮ್ಮ. ಲಕ್ಕಪ್ಪ ಹೊತ್ಕಂಡು ಬಂದು ಮನೆಗೆ ಹಾಕ್ತಾನೆ, ಹೋಗು" ಎಂದಳು ಸುಮಿತ್ರಮ್ಮ. ದನಿಯಲ್ಲಿ ಕಹಿ ಇತ್ತು. ಮಂಜುನಾಥನ ಸುಳ್ಳಿಗಿಂತ ಈ ಮುದುಕಿಯ ಸುಳ್ಳೇ ಅವಳಿಗೆ ಹೆಚ್ಚು ಚುಚ್ಚಿತ್ತು.

"ಬ್ಯಾಡ ಕಣವ್ವ."

"ಯಾಕೆ?"

"ನಂದಲ್ಲ ಅಂತ ಹೆಬ್ಬೆಟ್ ಒತ್ತಿವ್ನಿ. ಈಗ ಯಾವ ಬಾಯಲ್ಲಿ ನಂದು ಅನ್ಲಿ?" ಭೂತಮ್ಮ ಬಲಗೈಯನ್ನು ಸೀರೆಯೊಳಗೆ ಮುಚ್ಚಿಕೊಂಡಿದ್ದಳು. "ಅಕ್ಕಿ ಹೋದ್ರೆ ಏನ್ ತಿನ್ಲಿ ಅಂತ ಹೆದರ್ಕಂಡ್ ಬುಟ್ಟೆ. ಹೊಟ್ಟೆ ಕಣವ್ವ. ನಿನ್ನ ಅನ್ನದಲ್ಲಿ ಮಣ್ ಹಾಕ್ದೆ. ಅದು ನಿನ್ನ ಹತ್ರಲೇ ಇರ್ಲಿ."

"ನಿನ್ನ ಮಣ್ಣಿನ ಖರ್ಚಿಗೆ ಅಂದಿದ್ದೆಯಲ್ಲೇ?"

"ಎಲ್ಲಾದ್ರೂ ಎಸೀಲಿ ಬುಡವ್ವ, ಈ ಹೆಣಾನ."

ಸುಮಿತ್ರಮ್ಮ ಬೈದಳು, ಗದರಿದಳು, ಕೊನೆಗೆ ಗೋಗರೆದಳು. ಮುದುಕಿ ಹೊಸಿಲು ದಾಟಲಿಲ್ಲ. ಎರಡು ಸಲ ಲಕ್ಕಪ್ಪ ಮೂಟೆ ಹೊತ್ತು ಹಳ್ಳ ದಾಟಿ ಹೋಗಿ ವಾಪಸು ಹೊತ್ತು ತಂದ.

ಸ್ಟೋರು ಮಾರಿ ತೆರಿಗೆ ಕಟ್ಟಿದ್ದಾಯಿತು. ಕೊಂಡವರು ಅಲ್ಲಿ ಹೋಂಸ್ಟೇ ಮಾಡಿದ್ದಾರೆ, ಹಲಗೆಯ ನೆಲದ ಮೇಲೆ ಈಗ ಪ್ರವಾಸಿಗಳ ಮಂಚಗಳಿವೆ. ಲಕ್ಕಪ್ಪ ಅಲ್ಲೇ ವಾಚ್‌ಮನ್. ಸುಮಿತ್ರಮ್ಮ ಹೆತ್ತೂರಿನ ಬಾಡಿಗೆ ಮನೆಯಲ್ಲಿದ್ದಾಳೆ. ಬೇರೆಯವರ ಏಲಕ್ಕಿಯನ್ನು ಆರಿಸಿ ಕೊಟ್ಟು ಬಂದ ಕೂಲಿಯಲ್ಲಿ ದಿನ ದೂಡುತ್ತಾಳೆ. ಆ ಒಂದು ಮೂಟೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟುಕೊಂಡಿದ್ದಳು. ಕೈಗೆ ತೀರಾ ಕಷ್ಟವಾದ ದಿನಗಳೂ ಇದ್ದವು. ಕೆಂಪು ಟವಲಿನ ಕಟ್ಟು ಹಾಗೇ ಇತ್ತು.

ಮುಂದಿನ ಮಳೆಗಾಲದಲ್ಲಿ ಭೂತಮ್ಮ ಸತ್ತಳು. ಅವಳು ಹೆದರಿದ ಹಾಗೆಯೇ ಊರವರು ಗುಡಿಸಲ ಮುಂದೆ ಸೇರಿ ಚಂದಾ ಎತ್ತುವ ಮಾತು ತೆಗೆದಿದ್ದರು. ಮಂಜುನಾಥ ಮೆಂಬರಲ್ಲವೇ, ಮುಂದೆ ನಿಂತು ಯಾರು ಎಷ್ಟು ಕೊಡಬೇಕೆಂದು ಹೇಳುತ್ತಿದ್ದ. ಅಷ್ಟರಲ್ಲಿ ಸುಮಿತ್ರಮ್ಮ ಕೊಡೆ ಹಿಡಿದುಕೊಂಡು ಬಂದಳು. ಬರುವ ದಾರಿಯಲ್ಲೇ ಅಟ್ಟದ ಮೂಟೆಯ ಮೆಣಸನ್ನು ಅಂಗಡಿಗೆ ಮಾರಿ ಬಂದಿದ್ದಳು. ಸೆರಗಿನ ಗಂಟು ಬಿಚ್ಚಿ ಹಣವನ್ನು ಗುಂಡಿ ತೋಡುವವರ ಕೈಗೆ ಕೊಟ್ಟು, ಹೂವು, ಹೊಸ ಸೀರೆ, ಎಲ್ಲ ಸರಿಯಾಗಿ ಆಗಲಿ ಎಂದಳು.

"ಇದ್ಯಾರ ದುಡ್ಡು ಸುಮಿತ್ರಕ್ಕ?" ಎಂದು ಯಾರೋ ಕೇಳಿದರು. "ನಿಮಗೇ ಕಷ್ಟ ಇರೋವಾಗ..."

"ನಂದಲ್ಲ. ಭೂತಮ್ಮನ್ದು."

"ಭೂತಮ್ಮನ ಹತ್ರ ಎಲ್ಲಿತ್ತು?" ಎಂದ ಮಂಜುನಾಥ.

"ಮೆಣಸಿತ್ತು. ನನ್ನ ಸ್ಟೋರಲ್ಲಿ ಇಟ್ಟಿದ್ಲು" ಎಂದಳು ಸುಮಿತ್ರಮ್ಮ.

ಹಾಸನದಲ್ಲಿ ಅವರೆಲ್ಲ ಹೇಳಬೇಕಾಗಿದ್ದ ಮಾತು ಅಷ್ಟೇ ಇತ್ತು. ಸುತ್ತ ನಿಂತಿದ್ದವರು ಒಬ್ಬರೂ ತಲೆ ಎತ್ತಲಿಲ್ಲ. ಸುಮಿತ್ರಮ್ಮ ಮೂಟೆಯಿಂದ ಬಿಚ್ಚಿಟ್ಟುಕೊಂಡಿದ್ದ ಟವಲಿನ ಕೆಂಪು ಚೂರನ್ನು ಮುದುಕಿಯ ಬಲಗೈ ಹೆಬ್ಬೆರಳಿಗೆ ಸುತ್ತಿ ಕಟ್ಟಿ, "ಇನ್ನು ಎತ್ತಿ" ಎಂದಳು.